ಬಣ್ಣ: ಕಂದು

ಬರೆದುಕೋ ಮಗನೇ, ಬರೆದುಕೋ.
ನಿನ್ನ ಹಾಳೆಯಲ್ಲಿ ಬಣ್ಣಕ್ಕೆ ಬೆರಳಗಲ ಜಾಗ.
ಕಂದು ಅಂದರೆ ಸಾಕು ಅಂತೀಯ.
ಸಾಲದು.
ಬೇಲಿಗೆ ಒರಗಿದ ಆ ಎತ್ತನ್ನು ಸರಿಯಾಗಿ ನೋಡು:
ಬೆನ್ನ ಮೇಲೆ ಸುಟ್ಟ ಸಕ್ಕರೆ,
ಪಕ್ಕೆಗಿಳಿದರೆ ಮೇ ತಿಂಗಳ ಹುಲ್ಲು,
ಹೊಟ್ಟೆಯಡಿ, ಯಾರೋ ಓಡುತ್ತ ಬೂದಿ ಚೆಲ್ಲಿದ ಹಾಗೆ.
ಇಷ್ಟಕ್ಕೂ ನಮ್ಮ ಹೆರೆರೊ ಮಾತಿನಲ್ಲಿ ಒಂದೇ ಪದ.
ನಿನ್ನಜ್ಜಿಗೆ ಗೊತ್ತಿರುತ್ತದೆ. ಕೇಳು.

ಹೆಸರು ಉನೊಮಾಸಾ. ನನ್ನದು, ಎತ್ತಿನದಲ್ಲ.
ಊರು, ಎಪುಕಿರೊದಿಂದ ಮರಳಲ್ಲಿ ಅರ್ಧ ದಿನ.
ಗಾಳಿಯಂತ್ರ ತಿರುಗಿದರೆ ಊರು,
ನಿಂತರೆ ಬರೀ ಮರಳು.

ಹೌದು, ಗಿಡ್ಡ. ಗೊತ್ತು.
ತಕ್ಕಡಿ ನೋಡಿ ಕೊಳ್ಳುವವರು ತುಟಿ ಕೊಂಕಿಸುತ್ತಾರೆ.
ನನ್ನಣ್ಣ ಮುವಾಂಗುವಾನೂ ಕೊಂಕಿಸಿದ್ದ.
ದಕ್ಷಿಣದಿಂದ ಒಂದು ಹೋರಿ ತಂದ:
ಗೋಡೆಯಂಥ ಮೈ, ಬಿಳಿ ಮುಖ, ಹಣೆ ತುಂಬ ಗುಂಗುರು,
ಮೊಹರು ಬಿದ್ದ ಕಾಗದದ ವಂಶ.
ಇಡೀ ಹಟ್ಟಿ ನೋಡಲು ಬಂತು. ಹೆಂಗಸರು ನಕ್ಕೆವು,
ಕಂಬಳಿ ಹೊದ್ದೇ ಹುಟ್ಟಿದ ಮದುಮಗ,
ಬೇಸಿಗೆಗೆ ಬಿಚ್ಚಿಡುವುದೆಲ್ಲಿ!

ಅಕ್ಟೋಬರ್ ಬಂತು.
ಬಿಸಿಲು ಏರುವ ಮೊದಲೇ ಮದುಮಗ ನೆರಳು ಹಿಡಿದ.
ನಾಲಿಗೆ ಜೋಲಿಸಿ ನೀರಿನ ತೊಟ್ಟಿಗೆ ಅಂಟಿಕೊಂಡ.
ತೊಟ್ಟಿಯ ಸುತ್ತ ಹುಲ್ಲಿಲ್ಲ,
ಹುಲ್ಲಿದ್ದಲ್ಲಿ ನೀರಿಲ್ಲ,
ನಡುವೆ ಹದಿನಾಲ್ಕು ಕಿಲೋಮೀಟರ್.
ಅದನ್ನು ನಡೆದದ್ದೇ ನಮ್ಮಲ್ಲಿ ದನ.

ನಮ್ಮವು ನಡೆದವು.
ಇವತ್ತು ನೀರು, ನಾಳೆ ಮೇವು.
ರಾತ್ರಿ ತಂಪಿನಲ್ಲಿ ಮುಳ್ಳು ಸರಿಸಿ ಎಲೆ ತರಿದು,
ಒಂಟೆಮುಳ್ಳಿನ ಕಾಯಿ ಎಲ್ಲೋ ಉದುರಿದರೆ
ಸದ್ದಿನತ್ತ ಕಿವಿ ತಿರುಗಿಸಿ,
ಉಣ್ಣೆ ಕಚ್ಚಿದಲ್ಲಿ ಚರ್ಮವನ್ನಷ್ಟೇ ಒಮ್ಮೆ ಅದುರಿಸಿ,
ಗಂಗೆದೊಗಲು ತೂಗುತ್ತ ಸಾಲಾಗಿ ಬಂದವು
ಬೆಳಗಿನ ಜಾವ,
ನೆಂಟರ ಮನೆಗೆ ಹೋಗಿ ಬಂದ ಹಾಗೆ.

ಹೋರಿ ಡಿಸೆಂಬರ್ ಕಾಣಲಿಲ್ಲ.
ಕಾಗದವನ್ನು ಅಣ್ಣ ಇನ್ನೂ ಇಟ್ಟಿದ್ದಾನೆ,
ತಗಡಿನ ಪೆಟ್ಟಿಗೆಯಲ್ಲಿ. ನಾವು ಆ ಮಾತೆತ್ತುವುದಿಲ್ಲ.

ಒಂದು ಕಡಸು ಮಾತ್ರ ಅದರ ಕರು ಹೊತ್ತಿತ್ತು.
ದಿನ ತುಂಬಿದಾಗ ಒಂದು ರಾತ್ರಿ, ಒಂದು ಹಗಲು.
ಮೊಣಕೈತನಕ ನಾನು ಅದರೊಳಗೆ.
ಎಳೆದದ್ದು ಸತ್ತಿತ್ತು.
ದೊಡ್ಡದಿತ್ತು, ಬಿಳಿ ಮುಖ,
ಬಹಳ ಚೆಂದ ಇತ್ತು.

ಮರುವರ್ಷ ಅದೇ ಕಡಸು
ನಮ್ಮ ಗಿಡ್ಡ ಹೋರಿಗೆ ಕಟ್ಟಿ
ಯಾರನ್ನೂ ಕರೆಯದೆ ಪೊದೆಯ ಹಿಂದೆ ಈದಿತು.
ನಾನು ಟಾರ್ಚು ಹುಡುಕಿ ಹೋಗುವಷ್ಟರಲ್ಲಿ
ಕಾಲೂರಿ ನಿಂತಿದ್ದ, ಕೆಚ್ಚಲು ಗುದ್ದುತ್ತ,
ನೀನು ಕಂದು ಅನ್ನುವ ಇವನು.

ಮತ್ತೆ ಯಾಕೆ ಮಾರುತ್ತೀ ಅಂತ ಕೇಳಬೇಡ.
ನಾವು ಮಾಂಸ ಉಣ್ಣುವ ಜನ.
ಮದುವೆಗೂ ಒಂದು ಬೀಳುತ್ತದೆ, ಸಾವಿಗೂ ಒಂದು.
ಸೋದರಮಾವನ ಗೋರಿಯ ಪಕ್ಕ
ಅವನ ಮೆಚ್ಚಿನ ಎತ್ತಿನ ಕೊಂಬು ಬಿಸಿಲಿಗೆ ಬೆಳ್ಳಗಾಗಿದೆ.
ನನ್ನ ತಲೆಯ ರುಮಾಲನ್ನೇ ನೋಡು, ಎರಡು ಕೊಂಬು.
ಗಾಳಿಯಂತ್ರದ ಪಂಪು ಸವೆದಿದೆ.
ಕೊಳವೆ ಬೇಕು, ವಾಷರ್ ಬೇಕು.
ವಾಷರೂ ದನದ ಚರ್ಮವೇ ಅಲ್ಲವೇ,
ಬಾವಿಯೊಳಗೆ ಕೂತು
ಉಳಿದವಕ್ಕೆ ನೀರೆತ್ತುತ್ತದೆ.

ಏನು ಬರೆದೆ? ತೋರಿಸು.
ಕಂದು.
ಇರಲಿ ಬಿಡು, ಲಾರಿಗೆ ಅಷ್ಟು ಸಾಕು.

ಆ ಹುಡುಗನಿಗೆ ಹೇಳು, ಕೋಲು ಬೇಡ,
ಬಾಲ ತಿರುಚುವುದೂ ಬೇಡ.
ನಾನು ಕೂಗುತ್ತೇನೆ, ತಾನೇ ಹತ್ತುತ್ತದೆ.
ದಿನಾ ಸಂಜೆ ನೀರಿಗೆ ಕೂಗುವ
ಅದೇ ಕೂಗು.